ನಡೆದು ತೋರಿಸಿದ ಹೋರಿಗಳು

ಥೋರಾ ಬ್ರೆಕೆ ಇನ್ನೂ ಮೂರು ಕರು ಕೊಡಬೇಕು. ಕೊಡಬೇಕಾದದ್ದು ಫೆರಿಸ್ ಡನಿಗನ್‌ಗೆ, ಮಸಲ್‌ಶೆಲ್ ನದಿಯ ಆಚೆ ದಂಡೆಯ ದನಗಾರನಿಗೆ. ಮೊದಲು ಹತ್ತೊಂಬತ್ತಿದ್ದವು. ಕಾಗದವಿಲ್ಲ, ಕೋರ್ಟಿಲ್ಲ, ಕೇಳಿದವರೂ ಇಲ್ಲ. ಹುಟ್ಟದೇ ಹೋದ ಕರುಗಳ ಬಾಕಿ ಅದು. ಹೊತ್ತುಕೊಂಡವಳು ಅವಳೇ.

ಥೋರಾಗೆ ಈಗ ಅರವತ್ತಾರು. ಗಿಡ್ಡ ಆಳು, ಅಗಲ ಅಂಗೈ, ಬಲಗಾಲು ಸ್ವಲ್ಪ ಎಳೆಯುತ್ತದೆ. ಅವಳಪ್ಪ ಎರೆಮಣ್ಣಿನ ಬೋಳುಗುಡ್ಡಗಳಲ್ಲಿ ಹೆರಿಫೋರ್ಡ್ ದನ ಕಟ್ಟಿದವನು. ಕೆಂಪು ಮೈ, ಬಿಳಿ ಮುಖ. ಮಾಂಸಕ್ಕೆ ಸಾಕುವ ಜಾತಿ. ಸುತ್ತಲಿನ ದನಗಾರರಿಗೆ ಬೀಜದ ಹೋರಿ ಮಾರುವುದೇ ಮನೆಯ ಕಸುಬು. ಅಪ್ಪನದು ಒಂದೇ ಪಾಠ: ಹೋರಿಯನ್ನು ನೀನು ಸಾಕಬೇಡ, ಗುಡ್ಡ ಸಾಕಲಿ.

ಹಾಗೆಂದರೆ ಹೀಗೆ. ತಾಯಿಯಿಂದ ಬಿಡಿಸಿದ ಗಂಡುಗರುಗಳನ್ನು ಗುಡ್ಡಕ್ಕೆ ಹತ್ತಿಸಿ ಬಿಡುವುದು. ಹುಲ್ಲು ಒಂದು ಕಡೆ, ನೀರು ಎರಡು ಮೈಲಿ ಆಚೆ ಇನ್ನೊಂದು ಕಡೆ. ದಿನಾ ಹತ್ತಬೇಕು, ದಿನಾ ಇಳಿಯಬೇಕು. ಹಿಮ ಬಿದ್ದರೆ ಕಾಲಲ್ಲಿ ಕೆರೆದು ಹುಲ್ಲು ಹುಡುಕಿಕೊಳ್ಳಬೇಕು. ಬಿರುಗಾಳಿಯ ದಿನ ಮಾತ್ರ ಒಂದು ಹೊರೆ ಒಣಹುಲ್ಲು. ಎರಡನೇ ವರ್ಷಕ್ಕೆ ಗಟ್ಟಿಯಾಗಿ ನಿಂತದ್ದು ಬೀಜಕ್ಕೆ. ಸೊರಗಿದ್ದು ಕಟುಕನಿಗೆ. ಅಯ್ಯೋ ಪಾಪ ಅನ್ನುವ ಮಾತೇ ಇಲ್ಲ. ಅಂಥ ಹೋರಿಯನ್ನು ಯಾವ ಕಾಡಿಗೆ ಬಿಟ್ಟರೂ ಹಸುಗಳ ಹಿಂದೆ ಹತ್ತು ಮೈಲಿ ನಡೆದು ಕೆಲಸ ಮುಗಿಸಿ ಬರುತ್ತಿತ್ತು.

ಒಂದೇ ತೊಂದರೆ, ಅವು ನೋಡಲು ಚೆನ್ನಾಗಿರಲಿಲ್ಲ. ಪಕ್ಕೆ ಕಾಣುತ್ತಿತ್ತು, ರೋಮ ಕೆದರಿರುತ್ತಿತ್ತು. ಬೇರೆ ಮಾರಾಟಗಾರರು ಹೋರಿಗಳನ್ನು ದೊಡ್ಡಿಯಲ್ಲಿ ಕೂಡಿ, ಬಾರ್ಲಿ ತಿನ್ನಿಸಿ, ಬೆಣ್ಣೆ ಹಚ್ಚಿದ ಹಾಗೆ ಮಿಂಚಿಸಿ ಹರಾಜಿಗೆ ನಿಲ್ಲಿಸುತ್ತಿದ್ದರು. ಕೊಳ್ಳುವವರ ಕಣ್ಣು ಬೆನ್ನಿನ ಮೇಲೆ. ಗೊರಸು ನೋಡಲು ಬಗ್ಗುವವರು ಯಾರು?

ಹತ್ತು ವರ್ಷದ ಹಿಂದಿನ ಮಾತು. ಥೋರಾ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ಅವಳ ಗಂಡ ಆರ್ಲೊ ಒಳ್ಳೆಯವನೇ. ಬೇಲಿ, ಬಾವಿ, ಯಂತ್ರ ಎಲ್ಲದರಲ್ಲೂ ಎತ್ತಿದ ಕೈ. ಆದರೆ ನೆರೆಯವರ ಹೋರಿಗೆ ಬಂದ ಬೆಲೆ ಕೇಳಿ ಹೊಟ್ಟೆ ಉರಿಯುತ್ತಿತ್ತು. ಹೆಂಡತಿ ಇಲ್ಲದ ಹೊತ್ತು ನೋಡಿ ಹೋರಿಗಳನ್ನು ಗುಡ್ಡದಿಂದ ಇಳಿಸಿ ದೊಡ್ಡಿಗೆ ಕೂಡಿ ಬಾರ್ಲಿ ಸುರಿದ.

ಥೋರಾ ಊರುಗೋಲು ಊರಿಕೊಂಡು ಮರಳಿದಳು. ದೊಡ್ಡಿಗೆ ಹೋಗಿ ಒಂದು ಹೋರಿಯ ಬಾಲದ ಬುಡಕ್ಕೆ ಕೈಯಿಟ್ಟಳು. ಕೊಬ್ಬು ಹಿಟ್ಟಿನ ಮುದ್ದೆಯ ಹಾಗೆ ಜಾರಿತು. ಅವಳಿಗೆ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಇದನ್ನು ಯಾರೂ ಅವಳ ಮೇಲೆ ಹೊರಿಸಿದ್ದಲ್ಲ. ಅವಳೇ ಹೇಳುತ್ತಾಳೆ: "ಬಾರ್ಲಿ ಹಾಕಿದ್ದು ಆರ್ಲೊ. ಬಾಯ್ಮುಚ್ಕೊಂಡಿದ್ದು ನಾನು. ದೊಡ್ಡ ತಪ್ಪು ಯಾರ್ದು, ನೀವೇ ಹೇಳಿ."

ಆ ವಸಂತದಲ್ಲಿ ಬ್ರೆಕೆ ಹೋರಿಗಳಿಗೆ ಹಿಂದೆಂದೂ ಬರದ ಬೆಲೆ ಬಂತು. ಮರುವರ್ಷವೂ ಆರ್ಲೊ ಬಾರ್ಲಿ ಸುರಿದ. ಈ ಸಲ ಕದ್ದು ಅಲ್ಲ. ಥೋರಾ ನೋಡುತ್ತಲೇ ಇದ್ದಳು.

ಆ ಎರಡನೇ ವರ್ಷದ ಹರಾಜಿನ ದಿನ. ಮಾರ್ಚ್ ತಿಂಗಳ ಕುಳಿರ್ಗಾಳಿ. ಕೊಟ್ಟಿಗೆಯಲ್ಲಿ ಬಂದವರಿಗೆಲ್ಲ ಪುಕ್ಕಟೆ ಊಟ: ಬನ್ನಿನೊಳಗೆ ಎಳೆಎಳೆಯಾಗಿ ಬೆಂದ ಮಾಂಸ, ಸೇಬಿನ ಪೈ, ಕಪ್ಪು ಕಾಫಿ. ಹರಾಜು ಕೂಗಲು ಕರ್ನಲ್ ಡ್ವೈಟ್ ಬಂದಿದ್ದ. ಅವನು ಯಾವ ಸೈನ್ಯದಲ್ಲೂ ಗುಂಡು ಹಾರಿಸಿದವನಲ್ಲ, ಆ ಸೀಮೆಯಲ್ಲಿ ಹರಾಜು ಕೂಗುವವರೆಲ್ಲ ಕರ್ನಲ್‌ಗಳೇ. ಮೂವತ್ತನಾಲ್ಕು ಹೋರಿಗಳು ಮಿರಮಿರ ಮಿಂಚುತ್ತ ನಿಂತಿದ್ದವು.

ಊಟದ ಸಾಲು ಅರ್ಧ ಮುಗಿಯುವ ಹೊತ್ತಿಗೆ ಫೆರಿಸ್ ಡನಿಗನ್‌ನ ಗಾಡಿ ಬಾಗಿಲಿಗೇ ಬಂದು ನಿಂತಿತು. ಅವನು ಇಳಿದು ಹಿಂಬಾಗಿಲು ತೆಗೆದ.

"ಪೈ ಆಮೇಲೆ ತಿನ್ನೋರಂತೆ, ಮೊದ್ಲು ಇಲ್ನೋಡ್ರಪ್ಪಾ!"

ಹೋದ ವರ್ಷ ಅವನು ಕೊಂಡ ಹೋರಿ ಇಳಿಯಿತು. ಇಳಿಯಿತು ಅನ್ನುವುದಕ್ಕಿಂತ ಜಾರಿತು. ಕಾಳು ತಿಂದು ಗೊರಸು ಕೆಟ್ಟು ಉದ್ದಕ್ಕೆ ಬೆಳೆದು, ಮೂತಿ ಎತ್ತಿದ ಚಡಾವು ಜೋಡಿನ ಹಾಗೆ ಸುರುಟಿಕೊಂಡಿತ್ತು. ಕೆಂಡ ತುಳಿದಂತೆ ಒಂದೊಂದೇ ಹೆಜ್ಜೆ ಇಟ್ಟು ಸಾಲಿನ ಮುಂದೆ ನಿಂತಿತು.

"ಇಪ್ಪತ್ತೇಳು ಹಸು ಜೊತೆ ಗುಡ್ಡಕ್ಕೆ ಬಿಟ್ಟೆ," ಅಂದ ಫೆರಿಸ್. "ಹಸು ಮೇಲೆ, ಇದು ಕೆಳಗೆ. ಬೇಸಿಗೆ ಪೂರ್ತಿ ನೀರಿನ ತೊಟ್ಟಿ ಪಕ್ಕ ಮಲಗಿತ್ತು, ಪಿಂಚಣಿ ಬಂದೋರ ಹಾಗೆ. ಹತ್ತೊಂಬತ್ತು ಹಸು ಗಬ್ಬ ನಿಲ್ಲಲಿಲ್ಲ."

ಹೋದ ವರ್ಷ ಕೊಂಡ ಮಿಕ್ಕವರದು ಬಯಲು ನೆಲ, ನೀರು ಕೈಗೆಟಕುವ ದೂರ. ಅವರ ಹೋರಿಗಳು ಹೇಗೋ ನಿಭಾಯಿಸಿದ್ದವು. ಗುಡ್ಡ ಇದ್ದದ್ದು ಫೆರಿಸ್‌ಗೆ ಮಾತ್ರ.

ಆರ್ಲೊ ಮುಂದೆ ಬಂದ. "ಅದಕ್ಕೆ ಸಂತೆಗೆ ಬಂದು ಡಂಗುರ ಹೊಡೀಬೇಕಾ? ಒಂದು ಪತ್ರ ಹಾಕಿದ್ರೆ ಆಗ್ತಿರಲಿಲ್ವಾ? ಹೋರಿ ಕೆಲಸಕ್ಕೆ ಬರದಿದ್ರೆ ಬದಲು ಹೋರಿ ಅಂತ ಮಾರಾಟದ ಕಾಗದದಲ್ಲೇ ಇದೆ."

"ಪತ್ರ ಹಾಕಿದ್ರೆ ನೀವಿಬ್ರೇ ಓದ್ತಿದ್ರಿ," ಅಂದ ಫೆರಿಸ್. ಆಮೇಲೆ ಥೋರಾ ಕಡೆ ತಿರುಗಿದ. "ನಿಮ್ಮಪ್ಪನ ಹತ್ರ ನಮ್ಮಪ್ಪ ಕಣ್ಮುಚ್ಕೊಂಡು ಹೋರಿ ತಗೋತಿದ್ದ ಕಣಮ್ಮ. ನಾನೂ ಹಾಗೇ ಮುಚ್ಕೊಂಡೆ."

ಕರ್ನಲ್ ಥೋರಾಳ ಕಿವಿಯಲ್ಲಿ ಉಸುರಿದ: "ಬೇಗ ಗಂಟೆ ಹೊಡೀಲಾ? ಹರಾಜಿನ ಸವಾಲು ಶುರುವಾದ್ರೆ ಜನ ಮರೀತಾರೆ."

ಹೊಡೆಯಬಹುದಿತ್ತು. ಜನ ಮರೆಯುತ್ತಲೂ ಇದ್ದರು. ಜನ ಮರೆಯುವುದಕ್ಕೆ ಎಷ್ಟು ಹೊತ್ತು? ಥೋರಾ ಆ ಚಡಾವಿನ ಗೊರಸನ್ನು ನೋಡಿದಳು. ಕೊಟ್ಟಿಗೆಯ ತೊಲೆಯ ಮೇಲೆ ಅಪ್ಪ ಕಾಯಿಸಿ ಒತ್ತಿದ ಮನೆಯ ಮುದ್ರೆ ಇತ್ತು. ಅದೇ ಮುದ್ರೆ ಆ ಕುಂಟ ಹೋರಿಯ ತೊಡೆಯ ಮೇಲೂ ಇತ್ತು. ಇನ್ನು ಸುಮ್ಮನಿದ್ದರೆ ಆ ಮುದ್ರೆಯ ಅರ್ಥ ಇವತ್ತಿನಿಂದ ಅದೇ.

"ಗಂಟೆ ಬೇಡ. ಬಾಗಿಲು ತೆಗೀರಿ," ಅಂದಳು.

"ಯಾವ ಬಾಗಿಲು?"

"ಗುಡ್ಡದ ಕಡೇದು. ಮೂವತ್ತನಾಲ್ಕೂ ಗಾಳಿಗಿರಣಿ ಬಾವಿ ತನಕ ಹತ್ತಿ ವಾಪಸ್ ಬರ್ಲಿ. ಏಳು ಮೈಲಿ. ನಡೆದು ಬಂದಿದ್ದನ್ನ ಮಾರ್ತೀನಿ. ಬರದೇ ಇರೋದು ಕಟುಕನಿಗೆ."

ಆರ್ಲೊ ಅವಳ ತೋಳು ಹಿಡಿದ. "ತಲೆ ಕೆಟ್ಟಿದೆಯೇನೇ? ಅರ್ಧ ಹಿಂಡು ದಾರೀಲೇ ಕೂತ್ಬಿಡುತ್ತೆ!"

"ಹಾಗಾದ್ರೆ ನಿನಗೂ ಗೊತ್ತಿತ್ತು ಅಂತಾಯ್ತು."

ಆರ್ಲೊ ಕೈ ಬಿಟ್ಟ.

ಎಳೆಯುವ ಕಾಲನ್ನು ರಿಕಾಪಿಗೆ ತುರುಕಿ ಅವಳೇ ಕುದುರೆ ಹತ್ತಿದಳು. ಜೊತೆಗೆ ಫೆರಿಸ್, ಇನ್ನೂ ನಾಲ್ಕಾರು ಸವಾರರು. ಕೆಲವರು ಕಾಫಿ ಲೋಟ ಹಿಡಿದು ಗಾಡಿಗಳಲ್ಲಿ ಹಿಂಬಾಲಿಸಿದರು. ಇನ್ನು ಕೆಲವರು "ಹೆಂಗಸಿಗೆ ಗ್ರಹಚಾರ ಹಿಡಿದಿದೆ" ಅಂದು ಮನೆಗೆ ಹೋದರು.

ಮೊದಲ ಮೈಲಿಯಲ್ಲೇ ಹೋರಿಗಳ ಬಾಯಲ್ಲಿ ನೊರೆ. ಎರಡನೇ ಮೈಲಿಯ ಏರಿನಲ್ಲಿ, ಪಟ್ಟಿಯಲ್ಲಿ ಮೊದಲ ನಂಬರಾಗಿದ್ದ, ಎಲ್ಲರ ಕಣ್ಣು ಬಿದ್ದಿದ್ದ ಹೋರಿ ಮಂಡಿಯೂರಿತು. ಕರ್ನಲ್ ಗಾಡಿಯ ಕಿಟಕಿಯಿಂದ ಕೂಗಿದ: "ಇದನ್ನೇ ಕಣ್ರಯ್ಯಾ ನಾನು ನಾಲ್ಕು ಸಾವಿರ ಡಾಲರಿಗೆ ಕೂಗೋನಿದ್ದೆ! ಈಗ ಪೌಂಡ್ ಲೆಕ್ಕದಲ್ಲಿ ಕೂಗ್ಲಾ?" ಜನ ನಕ್ಕರು. ಥೋರಾ ನಗಲಿಲ್ಲ. ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು ಎಂದು ಫೆರಿಸ್ ಹೇಳುತ್ತಾನೆ. ಅಳುವ ಜಾತಿ ತನ್ನದಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಅವಳು ಹೇಳುತ್ತಾಳೆ.

ಹೊತ್ತು ಇಳಿಯುವ ಮೊದಲು ಹದಿನೈದು ಹೋರಿ ವಾಪಸ್ ಬಂದವು. ಬೆವರಿ, ಕೆಸರಾಗಿ, ಹೊಳಪೆಲ್ಲ ತೊಳೆದುಹೋಗಿ. ಉಳಿದಿದ್ದ ಕೊಳ್ಳುಗರು ಹನ್ನೆರಡು ಮಂದಿ. ಕರ್ನಲ್ ಗಂಟಲು ಹರಿಯುವಂತೆ ಕೂಗಿದ. ಹೋದ ವರ್ಷದ ಅರ್ಧ ಬೆಲೆಯೂ ಹುಟ್ಟಲಿಲ್ಲ.

ಸವಾಲಿಗೆ ಮೊದಲೇ ಹದಿನೈದರಲ್ಲಿ ಒಂದನ್ನು ಆರಿಸಿಕೋ ಎಂದು ಫೆರಿಸ್‌ಗೆ ಬಿಟ್ಟಿದ್ದಳು. ಅವನು ಎಲ್ಲಕ್ಕಿಂತ ಕುರೂಪಿಯನ್ನು ಆರಿಸಿದ. ಎಲ್ಲಕ್ಕಿಂತ ಮೊದಲು ದೊಡ್ಡಿಗೆ ಬಂದದ್ದು ಅದೇ.

"ಮುಗೀತು ಬಿಡು. ಕಾಗದದಲ್ಲಿರೋದು ಅಷ್ಟೇ," ಅಂದ.

"ಹುಟ್ಟದೇ ಇರೋ ಕರು?"

"ಅದು ಕಾಗದದಲ್ಲಿಲ್ಲ."

"ಬಾರ್ಲೀನೂ ಕಾಗದದಲ್ಲಿರಲಿಲ್ಲ."

ಆ ಶರತ್ಕಾಲದಲ್ಲಿ ಥೋರಾ ಎರಡು ಒಳ್ಳೆಯ ಕಡಸುಗರುಗಳನ್ನು ನದಿ ದಾಟಿಸಿ ಫೆರಿಸ್‌ನ ಹೊಲಕ್ಕೆ ಬಿಟ್ಟು ಬಂದಳು. ಅವನು ಮೂರನೇ ದಿನ ಹೊಡೆದುಕೊಂಡು ಬಂದು ಬಿಟ್ಟುಹೋದ. ಅವಳು ಮತ್ತೆ ಒಯ್ದಳು. ಬಾಗಿಲಿಗೆ ಬೀಗ ಹಾಕಿದ್ದ, ಅವಳು ಬೇಲಿ ಕತ್ತರಿಸಿ ಒಳಗೆ ಬಿಟ್ಟಳು. ಆಗ ಫೆರಿಸ್ ಕೈ ಮುಗಿದ: "ಸಾಕು ತಾಯಿ, ಇಟ್ಕೋತೀನಿ. ವರ್ಷಾವರ್ಷ ಬೇಲಿ ಕಟ್ಟೋಕೆ ನನ್ನ ಸೊಂಟದಲ್ಲಿ ಶಕ್ತಿ ಇಲ್ಲ."

ಎಂಟು ಶರತ್ಕಾಲ ಕಳೆದವು, ಹದಿನಾರು ಕರು ಹೋದವು. ಮೂರು ಉಳಿದಿವೆ. ಆರ್ಲೊ ಆ ಮೊದಲ ವರ್ಷದ ಚಳಿಗಾಲವೆಲ್ಲ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ವಸಂತದಲ್ಲಿ ಒಂದು ಬೆಳಿಗ್ಗೆ ಬಾರ್ಲಿ ತುಂಬುವ ಕಣಜಕ್ಕೆ ಕಿಂಡಿ ಕೊರೆದು ಕೋಳಿಗೂಡು ಮಾಡಿದ. ಮೊಟ್ಟೆ ಚೆನ್ನಾಗಿ ಬರುತ್ತಿವೆ.

ಈಗ ಬ್ರೆಕೆ ಹರಾಜಿಗೆ ಹೋಗುವವರು ಬೆಳಿಗ್ಗೆ ಏಳಕ್ಕೇ ಹೋಗಬೇಕು. ಮೊದಲು ನಡಿಗೆ, ಆಮೇಲೆ ಊಟ, ಕೊನೆಗೆ ಸವಾಲು. ಮಾರುವ ಹೋರಿಗಳು ಕಡಿಮೆ, ಬೆಲೆಯೂ ಸಾಧಾರಣ. ಗೊರಸು ಸುರುಟಿದ್ದು ಮಾತ್ರ ಒಂದೂ ಹಿಂದಿರುಗಿ ಬಂದಿಲ್ಲ. ಥೋರಾ ಈಗಲೂ ಮುಂದೆ ಕುದುರೆಯ ಮೇಲೆ ಇರುತ್ತಾಳೆ, ಕೆಟ್ಟ ಕಾಲು ಒಂದು ಕಡೆ ಜೋತುಬಿಟ್ಟುಕೊಂಡು, ಹಿಂದೆ ಬೀಳುವ ಹೋರಿಗಳಿಗೂ ಗಂಡಸರಿಗೂ ಸಮನಾಗಿ ಬೈಯುತ್ತ.

ಸುತ್ತಮುತ್ತ ಬಾರ್ಲಿ ಸುರಿಯುವವರು ಇನ್ನೂ ಸುರಿಯುತ್ತಿದ್ದಾರೆ. ಅವರಿಗೆ ಬುದ್ಧಿ ಹೇಳುವುದು ದಂಡ. ಬೆನ್ನು ಸವರಿ ದುಡ್ಡು ಕೊಡುವವರು ನೀವು ಇರುವ ತನಕ ಅವರೇಕೆ ನಿಲ್ಲಿಸುತ್ತಾರೆ? ಮುಂದಿನ ಸಲ ಹೋರಿ ಕೊಳ್ಳಲು ಹೋದಾಗ ಪೈ ತಿನ್ನಬೇಡಿ, ಹರಾಜಿನ ಬಣ್ಣದ ಪಟ್ಟಿ ತಿರುವಬೇಡಿ. ಗುಡ್ಡದ ಕಡೆಯ ಬಾಗಿಲು ತೆಗೆ ಅನ್ನಿ. ತೆಗೆಯದಿದ್ದರೆ ಜೇಬಿನಿಂದ ಕೈ ಆಚೆ ತೆಗೆಯದೆ ಗಾಡಿ ಹತ್ತಿ. ಅಷ್ಟೂ ಮಾಡಲಾರದವರು ಮುಂದೆ ಹಸು ಗೊಡ್ಡು ನಿಂತಿತು ಎಂದು ಯಾರ ಮುಂದೆಯೂ ಬಾಯಿ ಬಡಿದುಕೊಳ್ಳಬೇಡಿ.