ಮುಚ್ಚಳದಲ್ಲಿ ನೆನೆಸಿಟ್ಟ ರಿಂಗು

ಹೋದ ತಿಂಗಳು ಹೊಸಪೇಟೆಯ ಗ್ಯಾರೇಜೊಂದರಲ್ಲಿ ನನ್ನ ಟ್ಯಾಕ್ಸಿಯ ಬಾನೆಟ್ ಎತ್ತಿಸಿ ನಿಂತಿದ್ದೆ. ಹಂಪಿಗೆ ಬರುವವರನ್ನು ಸುತ್ತಾಡಿಸುವ ಹಳೇ ಗಾಡಿ ಅದು. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರು ಕೈಕೊಟ್ಟಿತ್ತು. ಮೆಕ್ಯಾನಿಕ್ ಹೊಸ ಪ್ಯಾಕೆಟ್ಟು ಹರಿದು, ಪೆಟ್ರೋಲ್ ಸೋರದಂತೆ ತಡೆಯುವ, ಅಂಗಿಯ ಗುಂಡಿಯಷ್ಟಗಲದ ಹಸಿರು ರಬ್ಬರ್ ರಿಂಗುಗಳನ್ನು ಅಂಗೈಗೆ ಸುರಿದುಕೊಂಡ. ಬಿಚ್ಚಿದ ಪೈಪಿನಿಂದ ಪೆಟ್ರೋಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. “ರಿಂಗು ಪ್ಯಾಕೆಟ್‌ನಾಗ ಬಂದಾವ ನೋಡ್ರಿ,” ಅಂದ. ಹನ್ನೆರಡು ವರ್ಷದ ಹಿಂದೆ ಇದೇ ಊರಿನಲ್ಲಿ ನಾನು ಆಡಿದ ಮಾತು ಅದು. ಅವನ ಬಾಯಲ್ಲಿ ಅದು ನಿಜ, ನನ್ನ ಬಾಯಲ್ಲಿ ಸುಳ್ಳಾಗಿತ್ತು.

ಆಗ ನಾನು ಸಂಡೂರಿನ ಧಣಿಯೊಬ್ಬರ ಕಾರು ಓಡಿಸುತ್ತಿದ್ದೆ. ಯಶವಂತನಗರದ ಕಡೆ ಅವರ ಅದಿರು ಲಾರಿಗಳು ಓಡುತ್ತಿದ್ದವು. ಮನೆಯಲ್ಲಿದ್ದ ಕಾರುಗಳು ಸಾಲವು ಅಂತ ಮುಂಬೈಯಿಂದ ಒಂದು ಹಳೇ ಸ್ಪೋರ್ಟ್ಸ್ ಕಾರು ತರಿಸಿದರು. ಕೆಂಪು ಬಣ್ಣ, ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಲಾರಿಗಳು ಉತ್ತುಹಾಕಿದ ನಮ್ಮ ರಸ್ತೆಗೆ ಆ ಕಾರು! ದೊಡ್ಡವರ ಹುಚ್ಚಿಗೆ ಅಡ್ಡ ಹೇಳುವವರು ಯಾರು? ಅವರನ್ನು ಬೈದು ಏನು ಉಪಯೋಗ, ನನಗೂ ಅದೇ ಹುಚ್ಚು ಹತ್ತಿತ್ತು. ಆ ಸ್ಟೇರಿಂಗ್ ಹಿಡಿದಾಗ ನಾನೇ ಧಣಿ ಅನ್ನುವ ಧಿಮಾಕು.

ಕಾರು ಜರ್ಕು ಹೊಡೆಯತೊಡಗಿದಾಗ ನಾಲ್ಕೂ ಇಂಜೆಕ್ಟರು ಬದಲಿಸಬೇಕು ಅಂದವರು ಹೊಸಪೇಟೆಯ ನಾಝಲ್ ಮಿಸ್ತ್ರಿ. ಲಾರಿಯವರು ಇಂಜೆಕ್ಟರಿಗೆ ನಾಝಲ್ ಅನ್ನುತ್ತಾರೆ, ಹಾಗಾಗಿ ಆ ಹೆಸರು. ಲಾರಿಗಳು ನಿಲ್ಲುವ ಜಾಗದ ಪಕ್ಕದಲ್ಲಿ ಅವರ ತಗಡಿನ ಅಂಗಡಿ. ಇಡೀ ದಿನ ಎಣ್ಣೆಯಲ್ಲಿ ಕೈ ಅದ್ದಿದರೂ ಬನಿಯನ್ ಮಾತ್ರ ಬೆಳ್ಳಗೆ ಇರುತ್ತಿತ್ತು... ಅದು ಹೇಗೋ ನನಗೆ ಇವತ್ತಿಗೂ ತಿಳಿಯದು. ಇಂಜಿನ್ ಚಾಲೂ ಆಗುವ ತನಕ ಅವರು ಚಹಾ ಮುಟ್ಟುತ್ತಿರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಪ್ಯಾಕೆಟ್ಟಿಲ್ಲದ ಬಿಡಿ ರಬ್ಬರ್ ಯಾರು ತಂದರೂ, ಬಾಟಲಿ ಮುಚ್ಚಳದಲ್ಲಿ ಪೆಟ್ರೋಲ್ ಹಾಕಿ ಒಂದು ರಾತ್ರಿ ಅದನ್ನು ನೆನೆಸಿಡುವುದು. ಬೆಳಿಗ್ಗೆ ತೆಗೆದು ಇನ್ನೊಂದರ ಪಕ್ಕ ಇಟ್ಟು ನೋಡುವುದು. ಉಬ್ಬಿದ್ದರೆ ಚರಂಡಿಗೆ. “ಪೆಟ್ರೋಲ್ ಕುಡುದು ಉಬ್ಬೋ ರಬ್ಬರ್ ಬ್ಯಾಡ. ಇವತ್ತು ಗಟ್ಟಿ ಕುಂದರ್ತೈತಿ, ನಾಡಿದ್ದು ಹರೀತೈತಿ,” ಅನ್ನುತ್ತಿದ್ದರು. ಡ್ರೈವರುಗಳು ಎಷ್ಟೇ ಕೂಗಾಡಲಿ, “ಒಂದ್ ರಾತ್ರಿ ಕಾಯ್ರಿ” ಅಂತ ಒಂದೇ ಉತ್ತರ.

ಇಂಜೆಕ್ಟರು ತರಲು ಧಣಿ ನನ್ನನ್ನು ಬೆಂಗಳೂರಿಗೆ ಕಳಿಸಿದರು. ತಂದವನು ನೆಟ್ಟಗೆ ಹೊಸಪೇಟೆಗೆ ಹೋಗಬೇಕೋ ಬೇಡವೋ? ನಾನು ನಮ್ಮೂರು ಕಂಪ್ಲಿಗೆ ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗೆಳೆಯರ ಮುಂದೆ ಡಬ್ಬಿ ಬಿಚ್ಚಿ, “ನೋಡ್ರಲೇ, ಹೊರದೇಶದ ಮಾಲು,” ಅಂತ ಒಂದೊಂದನ್ನೇ ಎತ್ತಿ ತೋರಿಸಿದೆ. ಇಂಜೆಕ್ಟರಿನ ಜೊತೆ ಬಂದಿದ್ದ ರಿಂಗಿನ ಪುಟ್ಟ ಪ್ಯಾಕೆಟ್ಟು ಎಲ್ಲಿ ಬಿತ್ತೋ, ಎಂಜಲು ಲೋಟಗಳ ಜೊತೆ ಯಾರು ಎತ್ತಿಕೊಂಡು ಹೋದರೋ. ಮನೆಗೆ ಹೋಗಿ ನೋಡಿದರೆ ಇಲ್ಲ. ವಾಪಸ್ ಓಡಿಬಂದು ಮೇಜಿನ ಕೆಳಗೆ ತಡಕಿದೆ, ಕಸದ ಬುಟ್ಟಿಗೂ ಕೈ ಹಾಕಿದೆ. ಸಿಗಲಿಲ್ಲ. ಕೊನೆಗೆ ಗದ್ದೆಯವರಿಗೆ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿಯಲ್ಲಿ ಅದೇ ಅಳತೆಯ ಕರೀ ರಿಂಗು ಹತ್ತು ಆರಿಸಿಕೊಂಡೆ. ನೀರಿನ ಪಂಪಿನವು. ಇಂಜೆಕ್ಟರಿನ ಕುತ್ತಿಗೆಗೆ ಹಾಕಿ ನೋಡಿದೆ, ಅಳತೆ ಕೊಟ್ಟು ಮಾಡಿಸಿದಂತೆ ಕೂತವು.

ಹೊಸಪೇಟೆಯ ಅಂಗಡಿಯಲ್ಲಿ ಮಿಸ್ತ್ರಿ ಆ ಕರೀ ರಿಂಗುಗಳನ್ನು ಬೆರಳಲ್ಲಿ ಹೊಸಕಿ ನೋಡಿದರು. “ರಿಂಗು ಎಲ್ಲಿವು, ತಮ್ಮಾ?”

ಮಾರನೇ ದಿನ ಬೆಳಿಗ್ಗೆ ಧಣಿ ಗೆಳೆಯರ ಜೊತೆ ಬಳ್ಳಾರಿಗೆ ಹೊರಡುವವರಿದ್ದರು. ಸಂಜೆಯೊಳಗೆ ಕಾರು ಬೇಕು ಅಂತ ಅಪ್ಪಣೆ. ಬಿಡಿ ರಿಂಗು ಅಂದರೆ ಒಂದು ರಾತ್ರಿ ಹೋಯಿತು. ಕಳೆದೆ ಅಂದರೆ ನನ್ನ ಕೆಲಸವೇ ಹೋಯಿತು.

“ಪ್ಯಾಕೆಟ್‌ನಾಗ ಬಂದಾವ ನೋಡ್ರಿ,” ಅಂದೆ.

“ಕಂಪನಿಯವು ಅಂದ್ರ ನೆನೆಸೋದು ಬ್ಯಾಡ ಬಿಡು,” ಅಂದರು. ನನ್ನ ಮುಖ ಕೂಡ ನೋಡಲಿಲ್ಲ, ಅಷ್ಟು ನಂಬಿಕೆ. ಇಂಜೆಕ್ಟರಿಗೆ ಎರಡರಂತೆ, ಒಂದೊಂದು ರಿಂಗಿಗೂ ಎಣ್ಣೆ ಸವರಿ, ಹೆಬ್ಬೆರಳಲ್ಲಿ ಒತ್ತಿ, ಮೆಲ್ಲಗೆ ತಿರುವುತ್ತ ನಾಲ್ಕೂ ಇಂಜೆಕ್ಟರು ಕೂರಿಸಿದರು. ಕೀ ತಿರುಗಿಸಿ ಪೆಟ್ರೋಲ್ ಬಿಟ್ಟು, ಬಿಳೀ ಬಟ್ಟೆಯಲ್ಲಿ ಪ್ರತಿ ಸಂದನ್ನೂ ಒರೆಸಿ ನೋಡಿದರು. ಒಂದು ಹನಿ ಕಲೆ ಇಲ್ಲ. ಇಂಜಿನ್ ಗುರ್ ಅಂತು. ಮಿಸ್ತ್ರಿ ಚಹಾ ಕುಡಿದರು.

ಮೂರನೇ ದಿನ ಸಂಡೂರಿನ ಏರಿನಲ್ಲಿ ಕಾರು ಹೊತ್ತಿಕೊಂಡಿತು. ನಾನೇ ಓಡಿಸುತ್ತಿದ್ದೆ, ಧಣಿ ಪಕ್ಕದಲ್ಲಿದ್ದರು. ಮೊದಲು ವಾಸನೆ, ಆಮೇಲೆ ಹೊಗೆ. ಇಬ್ಬರೂ ಹಾರಿಕೊಂಡೆವು, ಮೈಗೆ ಏನೂ ಆಗಲಿಲ್ಲ. ಲಾರಿಯವರು ಮಣ್ಣು ಎರಚುವಷ್ಟರಲ್ಲಿ ಕೆಂಪು ಕಾರು ಕರ್ರಗಾಗಿತ್ತು. “ನಾಝಲ್ ಹಾಕಿದವ ಯಾವನಲೇ?” ಧಣಿ ಕೇಳಿದರು. “ಹೊಸಪ್ಯಾಟಿ ಮಿಸ್ತ್ರಿರೀ,” ಅಂದೆ. ಅದು ನಿಜವೇ. ನಿಜ ಹೇಳಿಯೂ ಮನುಷ್ಯ ಎಷ್ಟು ಹೊಲಸಾಗಬಹುದು ಅಂತ ಅವತ್ತು ಕಲಿತೆ.

ಧಣಿಯ ಒಂದೇ ಮಾತಿಗೆ ಅವರ ಲಾರಿಗಳು ಮಿಸ್ತ್ರಿಯ ಅಂಗಡಿ ಬಿಟ್ಟವು. ಅವರನ್ನು ನೋಡಿ ಮಿಕ್ಕವರೂ ಬಿಟ್ಟರು. ಊರ ಬಾಯಿಗೆ ಮುಚ್ಚಳ ಉಂಟೇ? “ಬೆಂಕಿ ಮಿಸ್ತ್ರಿ” ಅಂತ ಹೆಸರಿಟ್ಟರು. ಅವರ ಕೈಯಲ್ಲಿ ರಿಪೇರಿ ಮಾಡಿಸಿಕೊಂಡು ವರ್ಷಗಟ್ಟಲೆ ದುಡಿದ ಡ್ರೈವರುಗಳೇ ಹಲ್ಲು ಕಿಸಿದು ಆ ಹೆಸರು ಹೇಳುತ್ತಿದ್ದರು. ನಾನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಒಂದು ವಾರದ ಮೇಲೆ ಮಿಸ್ತ್ರಿ ಸಂಡೂರಿಗೆ ಬಂದರು. ಕೈಯಲ್ಲಿ ಬಾಟಲಿ ಮುಚ್ಚಳ. ಅದರಲ್ಲಿ ಉಬ್ಬಿ ಸೊಟ್ಟಗಾದ ಕರೀ ರಿಂಗು.

“ಎರಡು ಉಳಿದಿದ್ವು, ತಮ್ಮಾ. ನಿನ್ನಿ ರಾತ್ರಿ ಒಂದು ನೆನೆಸಿಟ್ಟೆ. ಖರೇ ಹೇಳು, ಇವು ಪ್ಯಾಕೆಟ್‌ನಾಗ ಬಂದಿದ್ವೇನು?”

ಧಣಿ ಅಲ್ಲೇ ಜಗಲಿಯ ಮೇಲೆ ಕೂತಿದ್ದರು. ಮಿಸ್ತ್ರಿಯ ಕಣ್ಣು ನನ್ನ ಬಾಯಿಯ ಮೇಲಿತ್ತು. ಒಂದು ಮಾತು ಸಾಕಿತ್ತು...

“ಹೌದ್ರಿ, ಅದರಾಗ ಬಂದಿದ್ವು.”

“ಹಂಗಾದ್ರ ಸರಿ,” ಅಂದು ಮುಚ್ಚಳ ಅಲುಗದಂತೆ ಹಿಡಿದುಕೊಂಡು ಹೊರಟುಹೋದರು.

ವರ್ಷದೊಳಗೆ ಅಂಗಡಿ ಮುಚ್ಚಿತು. ಅವರು ತಮ್ಮೂರು ಗಾದಿಗನೂರಿಗೆ ಹೋಗಿ ಹೊಲದ ಪಂಪು ರಿಪೇರಿ ಮಾಡುತ್ತಿದ್ದಾರೆ ಅಂತ ಕೇಳಿದೆ. ಒಮ್ಮೆ ಆ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದ ಮಿಸ್ತ್ರಿ ಕಂಡರು. ಬನಿಯನ್ ಬೆಳ್ಳಗಿತ್ತೋ ಇಲ್ಲವೋ, ನೋಡುವಷ್ಟು ಗಾಡಿ ನಿಧಾನ ಮಾಡಲಿಲ್ಲ ನಾನು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೋದ ತಿಂಗಳು ಗ್ಯಾರೇಜಿನಲ್ಲಿ ಆ ಮೆಕ್ಯಾನಿಕ್ ಹುಡುಗನಿಗೆ, ಒಂದು ರಿಂಗು ನೆನೆಸಿಡಪ್ಪ, ನಾಳೆ ಬರುತ್ತೇನೆ ಅಂದೆ. “ಪ್ಯಾಕೆಟ್‌ನವನ್ನ ಯಾರು ನೆನೆಸ್ತಾರ್ರಿ?” ಅಂತ ನಕ್ಕ. ಬೆಳಿಗ್ಗೆ ನೋಡಿದರೆ ಹಸಿರು ರಿಂಗು ಇದ್ದ ಹಾಗೇ ಇತ್ತು. ಗಾಡಿ ಕೈಗೆ ಬಂದ ಕೂಡಲೇ ಗಾದಿಗನೂರಿಗೆ ಹೋದೆ.

ಮಿಸ್ತ್ರಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಹೆಂಡತಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕಂಪ್ಲಿಯ ಹೋಟೆಲು, ಪಂಪಿನ ರಿಂಗು, ಎರಡು ಸಲದ ಸುಳ್ಳು.

“ಗೊತ್ತೈತಿ,” ಅಂದರು, ಮೊರದಿಂದ ಕಣ್ಣು ಎತ್ತದೆ. “ನಿನ್ನ ಮಾತು ನಂಬಿ, ಮಾಲು ಹಿಂಗ್ಯಾಕ ಕೊಟ್ರಿ ಅಂತ ಕೇಳಾಕ ಬೆಂಗಳೂರಿನ ಅಂಗಡಿಗೆ ಹೋಗಿದ್ರು. ಅವ ಇನ್ನೊಂದು ಪ್ಯಾಕೆಟ್ ಬಿಚ್ಚಿ ತೋರ್ಸಿದ್ನಂತ. ಅದರಾಗ ಎಲ್ಲಾ ಹಸಿರು ರಿಂಗು.”

“ಗೊತ್ತಿದ್ದೂ ಯಾಕ ಹೇಳಲಿಲ್ಲವ್ವಾ?”

“ನಾ ಏನು ಕಡಿಮಿ ಜಗಳ ತಗದ್ನಾ? ಧಣಿ ಮುಂದ ಹೇಳ್ರಿ ಅಂದೆ. ಆ ಹುಡುಗನ ಕೆಲ್ಸ ಹೋಗತೈತಿ, ಅವನಾಗೇ ಬಂದು ಹೇಳ್ತಾನ, ಕಾಯೋಣ ಅಂದ್ರು. ಎಂಟು ವರ್ಷ ಕಾದ್ರು. ಹೊರಗ ಗಾಡಿ ಸಪ್ಪಳಾದ್ರ ಸಾಕು, ಬಾಗಲಕ್ಕ ಬರ್ತಿದ್ರು.” ಒಂದು ಹರಳು ಆರಿಸಿ ಬೀದಿಗೆ ಎಸೆದರು. “ನನಗ್ಯಾಕ ಹೇಳ್ತಿ ಈಗ? ಎಲ್ಲಿ ಹೇಳಬೇಕಿತ್ತೋ ಅಲ್ಲಿ ಹೋಗಿ ಹೇಳು.”

ಕೂರು ಅನ್ನಲಿಲ್ಲ. ನೀರು ಬೇಕೇನು ಅಂತ ಕೇಳಲಿಲ್ಲ. ನಮ್ಮ ಕಡೆ ಬಾಗಿಲಿಗೆ ಬಂದ ಅಪರಿಚಿತನಿಗೂ ಒಂದು ತಂಬಿಗೆ ನೀರು ಕೊಡುತ್ತಾರೆ.

ಅಲ್ಲಿಂದ ನೇರ ಸಂಡೂರಿಗೆ ಹೋದೆ. ಧಣಿಗೆ ತಲೆ ಹಣ್ಣಾಗಿದೆ. ಎಲ್ಲ ಕೇಳಿಸಿಕೊಂಡರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ, ಕೆನ್ನೆಗೆ ಹೊಡೆದಿದ್ದರೂ ಸಂತೋಷಪಡುತ್ತಿದ್ದೆ. ಅವರ ಮುಖ ಅರಳಿತು.

“ಆ ಕೆಂಪು ಕಾರು! ಎಂಥಾ ಕಾರಲೇ ಅದು... ಮಸ್ತ್ ಓಡ್ತಿತ್ತು. ಅಲ್ಲೋ, ಮಿಸ್ತ್ರಿ ಅಂದ್ಯಲ್ಲ, ಅವ ಯಾರು?”

ಹೆಸರು ಹೇಳಿದೆ. ಅಂಗಡಿ ಇದ್ದ ಜಾಗ ಹೇಳಿದೆ. ಕೊನೆಗೆ, ನಾಲಿಗೆ ಸುಟ್ಟರೂ, ಬೆಂಕಿ ಮಿಸ್ತ್ರಿ ಅಂತಲೂ ಹೇಳಿದೆ. ನೆನಪಾಗಲಿಲ್ಲ. ಒಬ್ಬ ಮನುಷ್ಯನ ಹೆಸರು ಕೆಡಿಸಿದ್ದು ಇವರ ಒಂದು ಮಾತು, ನನ್ನ ಒಂದು ಸುಳ್ಳು. ಅದನ್ನು ತೊಳೆಯೋಣ ಅಂತ ಬಂದರೆ, ಕೇಳುವವರಿಗೆ ಆ ಮನುಷ್ಯನೇ ಇಲ್ಲ.

“ಹೋಗ್ಲಿ ಬಿಡಲೇ, ಹಳೇದು. ಕುಂದ್ರು, ಚಾ ಕುಡುದು ಹೋಗು,” ಅಂದರು.

ಚಹಾ ಬಂತು. ಧಣಿಯ ಮುಂದೆ ಬೇಡ ಅನ್ನಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಕುಡಿದೆ.