ಮೇಲೆ ನೋಡಿ, ಮಾವ

ಮೊದಲು ಕೆಮ್ಮಿದ್ದು ಚಾ ಕುಡಿಯುವಾಗ. ನಾನು ಮಾವನ ನೆತ್ತಿ ತಟ್ಟಿ, "ಮೇಲೆ ನೋಡಿ, ಮೇಲೆ ನೋಡಿ" ಎಂದೆ. ಮಸ್ಕತ್‌ನಲ್ಲಿರುವ ಮಗ ನೆನೆಸಿಕೊಂಡಿರಬೇಕು ಎಂದು ತಮಾಷೆಯನ್ನೂ ಮಾಡಿದೆ. ಆ ಮಗ, ಅಂದರೆ ನನ್ನ ಗಂಡ, ದಿನಾ ನೆನೆಸುವ ಪೈಕಿಯಲ್ಲ. ಕೆಮ್ಮು ಮಾತ್ರ ದಿನಾ ಬಂತು.

ಆಮೇಲೆ ಜ್ವರ. ಎಕ್ಸ್‌ರೇ. ನ್ಯುಮೋನಿಯಾ. ಗುಣವಾಗಿ ಫರಂಗಿಪೇಟೆಯ ಮನೆಗೆ ಬಂದವರು ತಿಂಗಳು ತುಂಬುವ ಮೊದಲೇ ಮತ್ತೆ ಆಸ್ಪತ್ರೆ ಸೇರಿದರು. ಮಳೆಯಲ್ಲಿ ನೆನೆದಿಲ್ಲ, ತಣ್ಣೀರು ಮುಟ್ಟಿಲ್ಲ. ನನಗೆ ತಲೆಬುಡ ಅರ್ಥವಾಗಲಿಲ್ಲ.

"ಕುಡಿದದ್ದು ಶ್ವಾಸಕೋಶಕ್ಕೆ ಹೋಗ್ತಾ ಉಂಟು" ಎಂದರು ಡಾಕ್ಟರ್. "ಹೀಗೇ ಆದರೆ ಮೂಗಿನಿಂದ ಟ್ಯೂಬ್ ಹಾಕ್ಬೇಕಾಗ್ತದೆ. ಮೊದಲು ಸ್ಪೀಚ್ ಥೆರಪಿಸ್ಟ್ ನೋಡಲಿ."

ಸ್ಪೀಚ್?

ಮಾತಿಗೇನಾಗಿದೆ? ನರ್ಸನ್ನು ಗದರಿಸುವಷ್ಟು ಚೆನ್ನಾಗಿಯೇ ಮಾತಾಡುತ್ತಿದ್ದರು. ಬೇರೆ ಯಾರದೋ ಫೈಲಿರಬೇಕೆಂದು ಮೇಲಿದ್ದ ಹೆಸರನ್ನು ಮತ್ತೊಮ್ಮೆ ಓದಿದೆ.

ನುಂಗುವುದನ್ನೂ ತಾವೇ ನೋಡುವುದು ಎಂದರು ಥೆರಪಿಸ್ಟ್. ಲೋಟದಲ್ಲಿ ಒಂದು ಗುಟುಕು ನೀರು ಕೊಟ್ಟು, "ಮನೆಯಲ್ಲಿ ಕುಡಿದ ಹಾಗೆಯೇ ಕುಡಿಯಿರಿ ಅಜ್ಜ" ಎಂದರು. ಮಾವ ಲೋಟ ಎತ್ತಿ, ಕತ್ತು ಹಿಂದೆ ಚೆಲ್ಲಿ, ತುಟಿಗೆ ತಾಗಿಸದೆ ಬಾಯಿಗೆ ಹೊಯ್ದುಕೊಂಡರು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಯಿತು.

"ವಯಸ್ಸಿಗೆ ನುಂಗುವ ಶಕ್ತಿ ಸೋತಿದೆ. ಕತ್ತೆತ್ತಿದರೆ ನೀರು ಶ್ವಾಸದ ದಾರಿ ಹಿಡೀತದೆ. ಲೋಟ ತುಟಿಗಿಟ್ಟು, ಗದ್ದ ಎದೆಯ ಕಡೆ ಬಗ್ಗಿಸಿ ನುಂಗಬೇಕು. ಈ ಪುಡಿ ಹಾಕಿ ನೀರನ್ನು ಮಂದ ಮಾಡಿ."

ಹಾಗಾದರೆ ನಾನು ಮೇಲೆ ನೋಡಿ ಎಂದದ್ದು? ಅಮ್ಮ ನನಗೆ ಹೇಳಿದ್ದು, ನಾನು ಮಕ್ಕಳಿಗೆ ಹೇಳಿದ್ದು, ಊರಿಗೆ ಊರೇ ಹೇಳುವುದು ಎಲ್ಲ ಉಲ್ಟಾವೇ? ಯಾವುದನ್ನು ನಂಬುವುದು ಎಂದು ತಿಳಿಯದೆ ಬಹಳ ಹೆದರಿದೆ.

ಮಾವ ಒಪ್ಪಲಿಲ್ಲ. ಪೇಟೆಯಲ್ಲಿ ಹೋಟೆಲು ನಡೆಸಿದವರು, ಲೋಟಕ್ಕೆ ಎಂದೂ ತುಟಿ ತಾಗಿಸದವರು.

"ಕಚ್ಚಿ ಕುಡಿಯುವುದಾ? ಎಂಜಲು!"

"ಲೋಟ ನಿಮಗೇ ಇಡ್ತೇನೆ ಮಾವ, ಬೇರೆ ಯಾರಿಗೂ ಕೊಡುವುದಿಲ್ಲ. ಕುಡಿಯದಿದ್ದರೆ ಟ್ಯೂಬ್ ಹಾಕ್ತಾರೆ."

ತುಂಬ ಹೊತ್ತು ಲೋಟವನ್ನೇ ನೋಡಿದರು. ಆಮೇಲೆ ಗದ್ದ ಬಗ್ಗಿಸಿ ತುಟಿ ತಾಗಿಸಿದರು. ನಾನು ಕೆಮ್ಮಿಗೆ ಕಾದೆ.

ಬರಲಿಲ್ಲ.

ಸದ್ಯಕ್ಕೆ ಟ್ಯೂಬ್ ಬೇಡ ಎಂದಿದ್ದಾರೆ. ಸದ್ಯ ಎಂದರೆ ಎಷ್ಟು ದಿನ, ಕೇಳಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಮಾವ ಮಂದ ಚಾವನ್ನು ಅಂಟು ಎಂದು ಬೈಯುತ್ತಾ ಕುಡಿಯುತ್ತಾರೆ. ಅಷ್ಟಾದರೂ ಉಂಟಲ್ಲ ಎಂದು ದೇವರಿಗೆ ಕೈಮುಗಿಯುತ್ತೇನೆ. ನಿನ್ನೆ ಅವರಿಗೆ ಕುಡಿಸಿ, ಬಾಯಾರಿಕೆಯಲ್ಲಿ ನನ್ನ ಲೋಟ ಎತ್ತಿ ಕತ್ತು ಹಿಂದೆ ಚೆಲ್ಲಿದೆ.

"ಕೆಳಗೆ ನೋಡು ಮಾರಾಯ್ತಿ!"

ಮಾವನ ದನಿಯಲ್ಲಿ ನಿಜವಾದ ಹೆದರಿಕೆ ಇತ್ತು. ನಾನು ಕತ್ತು ಇಳಿಸಿ, ಕೆಳಗೆ ನೋಡಿ, ಕಚ್ಚಿಯೇ ಕುಡಿದೆ.