ಬಟ್ಟೆ ತಂತಿಗೆ ಬಂದ ಕರೆಂಟು

ಅಟ್ಟೂರಿನ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದೆವು. ನೀರಿನ ಮೋಟರಿನ ವೈರು ಅದಕ್ಕೆ ಒರಗಿಕೊಂಡೇ ಹೋಗಿತ್ತು. ಬಿಸಿಲಿಗೆ ಆ ವೈರಿನ ಪ್ಲಾಸ್ಟಿಕ್ ಹೊದಿಕೆ ಬಿರಿದು, ಒಳಗಿನ ತಾಮ್ರ ಕಾಣುತ್ತಿತ್ತು.

ನಾನು ಯಲಹಂಕದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ತಾಮ್ರ, ಕಬ್ಬಿಣ ವಾಹಕಗಳು, ವಿದ್ಯುತ್ತನ್ನು ಹರಿಯಬಿಡುತ್ತವೆ. ಪ್ಲಾಸ್ಟಿಕ್, ರಬ್ಬರ್, ಒಣಗಿದ ಮರ ಅವಾಹಕಗಳು, ತಡೆಯುತ್ತವೆ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಗಂಡನಿಗೂ ಹೇಳಿದೆ.

"ವೈರ್ ಮೇಲಿನ ಸಿಪ್ಪೆ ಹೋಗಿದೆ ಕಣ್ರೀ. ತಾಮ್ರ ತಾಗಿದ್ರೆ ಬಟ್ಟೆ ತಂತಿಗೂ ಕರೆಂಟ್ ಬರುತ್ತೆ."

"ಮನೇಲೂ ಪಾಠ ಶುರು ಮಾಡ್ಬೇಡ," ಎಂದರು.

ನಾನೇ ಎಲೆಕ್ಟ್ರಿಷಿಯನ್‌ನನ್ನು ಕರೆಸಬಹುದಿತ್ತು. ಹಠಕ್ಕೆ ಬಿದ್ದು ಕರೆಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೋಟರ್ ಓಡುತ್ತಿತ್ತು. ಅತ್ತೆ ಬರಿಗಾಲಲ್ಲಿ ಒದ್ದೆ ದುಪ್ಪಟಿ ಹರವಲು ಹೋಗಿ ತಂತಿ ಹಿಡಿದರು. ನಾನು ತಿರುಗಿ ನೋಡಿದಾಗ ಅವರ ಬಾಯಿ ತೆರೆದಿತ್ತು, ಸದ್ದಿರಲಿಲ್ಲ, ಮೈಯೆಲ್ಲ ನಡುಗುತ್ತಿತ್ತು. ಮುಟ್ಟಿದರೆ ನನಗೂ ಹೊಡೆಯುತ್ತಿತ್ತು. ಕೆಳಗೆ ಓಡಿ ಮೇನ್ ಆಫ್ ಮಾಡುವಷ್ಟು ಹೊತ್ತಿರಲಿಲ್ಲ. ಜೇಡರ ಬಲೆ ತೆಗೆಯುವ ಬಿದಿರು ಕೋಲು ಒಣಗಿತ್ತು. ಅದರಿಂದ ಅವರ ಕೈಗೆ ಹೊಡೆದೆ. ಮೂರನೇ ಏಟಿಗೆ ಹಿಡಿತ ಬಿಟ್ಟು ಕುಸಿದರು.

ಜೀವ ಉಳಿಯಿತು. ಅಂಗೈ ಸುಟ್ಟು, ಬಲಗೈಯ ಬೆರಳುಗಳು ಸೆಟೆದುಕೊಂಡವು.

ಮರುದಿನ ಎಲೆಕ್ಟ್ರಿಷಿಯನ್ ಬಂದು ನೋಡಿದ. "ಸಿಪ್ಪೆ ಹೋಗಿದೆ ಸಾರ್, ತಂತಿಗೆ ತಾಗಿದೆ. ಪೈಪ್ ಒಳಗೆ ಹೊಸ ವೈರ್ ಎಳೀಬೇಕು."

"ನೀನು ಹೇಳಿದ್ಮೇಲೆ ಮುಗೀತು ಗುರು," ಎಂದರು ನನ್ನ ಗಂಡ. ಕಾಫಿ ಹಿಡಿದು ಅಲ್ಲೇ ನಿಂತಿದ್ದ ನನ್ನ ಕಡೆ ನೋಡಲಿಲ್ಲ.

ಅತ್ತೆಯನ್ನು ನೋಡಲು ಅವರ ತಂಗಿ ಬಂದರು. ಅತ್ತೆ ಮುಂಗೈಯ ಬಾಸುಂಡೆ ತೋರಿಸಿದರು. "ಕೋಲಲ್ಲಿ ಹೊಡೆದ್ಲು ಕಣೇ, ಮೂರು ಏಟು." ಯಾಕೆಂದು ಹೇಳಲಿಲ್ಲ. ಪಕ್ಕದಲ್ಲಿದ್ದ ಮಗನೂ ಬಾಯಿ ಬಿಡಲಿಲ್ಲ. ಕೊನೆಗೆ ನಡೆದದ್ದನ್ನೆಲ್ಲ ನಾನೇ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಆದ್ರೂ ದೊಡ್ಡೋರ ಮೇಲೆ ಕೈ ಮಾಡೋದಾ ತಾಯಿ?" ಎಂದರು.

ಅತ್ತೆಗೆ ಈಗ ಬೆರಳು ಮಡಚಲು ಬರುವುದಿಲ್ಲ. ಎರಡು ಹೊತ್ತೂ ಅನ್ನ ಕಲಸಿ ತುತ್ತಿಡುವುದು ನಾನೇ. ಬಾಯಿ ತೆರೆಯುತ್ತಾರೆ, ನುಂಗುತ್ತಾರೆ, ನನ್ನೊಡನೆ ಮಾತಿಲ್ಲ.